ದತ್ತು ಎಂದು ಬರೆದ ಮಳೆಗಾಲ

ಎನಾಮೆಲ್ ಪೇಂಟಿನ ಡಬ್ಬ ತೆಗೆದಾಗ ಬರುವ ಮೊದಲ ವಾಸನೆಗೆ ನನಗೆ ಒಂದು ಕಾಲದಲ್ಲಿ ಹಸಿವಾಗುತ್ತಿತ್ತು. ಡಬ್ಬ ತೆಗೆದೆ ಎಂದರೆ ಕೆಲಸ ಇದೆ, ಕೆಲಸ ಇದೆ ಎಂದರೆ ಮಧ್ಯಾಹ್ನಕ್ಕೆ ಹೊಟ್ಟೆ ತುಂಬ ಊಟ ಇದೆ. ಮೂವತ್ತು ವರ್ಷ ಹಾಗೇ ಇತ್ತು. ಈಗ ಅದೇ ವಾಸನೆಗೆ ವಾಕರಿಕೆ ಬರುತ್ತದೆ. ಕಳೆದ ವಾರ ಟಿ. ದಾಸರಹಳ್ಳಿಯ ಒಂದು ಅಂಗನವಾಡಿಯ ಕಾಂಪೌಂಡ್ ಮುಂದೆ ಕುಕ್ಕರಗಾಲಲ್ಲಿ ಕೂತು, ಸ್ಕ್ರೂಡ್ರೈವರಿನಿಂದ ನೀಲಿ ಡಬ್ಬದ ಮುಚ್ಚಳ ಎಬ್ಬಿಸಿದೆ. ಗೋಡೆಯ ಮೇಲೆ ಬರೆಯಬೇಕಾದ ಸಾಲನ್ನು ಒಂದು ಚೀಟಿಯಲ್ಲಿ ಕೊಟ್ಟಿದ್ದರು. ‘ದತ್ತು ಅಂಗನವಾಡಿ ಕೇಂದ್ರ.’ ವಾಸನೆ ಮೂಗಿಗೂ ಆ ಸಾಲು ಕಣ್ಣಿಗೂ ಒಟ್ಟಿಗೆ ಬಡಿದವು. ಪಕ್ಕಕ್ಕೆ ತಿರುಗಿ ಮೋರಿಗೆ ಉಗಿದೆ.

“ಯಾಕಣ್ಣಾ, ಹುಷಾರಿಲ್ವಾ?” ಎಂದು ಅಲ್ಲಿಯ ಟೀಚರ್ ಬಾಗಿಲಿಂದ ಕೇಳಿದಳು. ಚಿಕ್ಕ ವಯಸ್ಸಿನವಳು, ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಕ್ಕಿಲ್ಲ.

“ಏನಿಲ್ಲಮ್ಮ. ಒಂದು ಲೋಟ ನೀರು ಕೊಡಿ” ಎಂದೆ. ನೀರು ಕುಡಿದ ಮೇಲೂ ಬ್ರಷ್ಷಿಗೆ ಕೈ ಹೋಗಲಿಲ್ಲ. ಮೂರು ವರ್ಷದ ಹಿಂದೆ ಬಾಗಲಗುಂಟೆಯಲ್ಲಿ ಕಳೆದ ಮಳೆಗಾಲ ಇಡಿಯಾಗಿ ನೆನಪಿಗೆ ಬಂತು.

ನಾನು ಬೋರ್ಡು ಬರೆಯುವವನು. ಹೆಸರು ಕೃಷ್ಣಮೂರ್ತಿ, ಆದರೆ ಹೆಸರಘಟ್ಟ ರಸ್ತೆಯ ಉದ್ದಕ್ಕೂ ಕಿಟ್ಟಣ್ಣ ಎಂದರೇನೇ ಗೊತ್ತಾಗುವುದು. ಆ ರಸ್ತೆಯ ಬೇಕರಿ, ಗಿರವಿ ಅಂಗಡಿ, ಹಲ್ಲಿನ ಡಾಕ್ಟರು, ಹಿಟ್ಟಿನ ಗಿರಣಿ ಎಲ್ಲದರ ನೆತ್ತಿಯ ಮೇಲೂ ಒಂದು ಕಾಲಕ್ಕೆ ನನ್ನ ಅಕ್ಷರ ಇತ್ತು. ಸುಣ್ಣದ ದಾರ ಹೊಡೆದು ಗೆರೆ ಹಾಕಿ, ಒತ್ತಕ್ಷರಕ್ಕೆ ಎಷ್ಟು ಜಾಗ ಬಿಡಬೇಕೆಂದು ಕಣ್ಣಳತೆಯಲ್ಲೇ ನೋಡಿ ಬರೆಯುತ್ತಿದ್ದೆ. ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಪ್ರಿಂಟು, ಅದರಲ್ಲಿ ಅರ್ಧ ತಪ್ಪು ಕನ್ನಡ, ಯಾರಿಗೂ ಅದರ ಗೊಡವೆಯಿಲ್ಲ. ನಾನು ಗೋಡೆಗೆ ಬಣ್ಣ ಬಳಿಯುವ ಕೆಲಸಕ್ಕೆ ಇಳಿದೆ. ಮನೆ, ಗೋಡೌನು, ಸ್ಮಶಾನದ ಗೇಟು, ಯಾವುದಕ್ಕೂ ಒಲ್ಲೆ ಎನ್ನಲಿಲ್ಲ. ಹಾಗಿರುವಾಗಲೇ ಬಾಗಲಗುಂಟೆಯ ಅಂಗನವಾಡಿಗೆ ಬಣ್ಣ ಬಳಿಯಲು ಒಂದು ಟ್ರಸ್ಟಿನಿಂದ ಫೋನ್ ಬಂತು.

ಟ್ರಸ್ಟಿನ ಹೆಸರು ಬೇಡ. ಈಗ ಬೆಂಗಳೂರಲ್ಲಿ ಗಲ್ಲಿಗೊಂದು ಇವೆ. ಸರ್ಕಾರಿ ಶಾಲೆಯ ಗೋಡೆ, ಕೆರೆಯ ಏರಿ, ಬಸ್ ಸ್ಟಾಪಿನ ಬೆಂಚು, ಎಲ್ಲಿ ನೋಡಿದರೂ ಯಾವುದೋ ಒಂದು ಟ್ರಸ್ಟಿನ ಹೆಸರು. ಎಲ್ಲರೂ ಕೆಟ್ಟವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಅಕ್ಕನ ಕಣ್ಣಿನ ಪೊರೆ ತೆಗೆಸಿಕೊಟ್ಟವರು ಇಂಥದೇ ಒಂದು ಸಂಸ್ಥೆಯವರು, ಒಂದು ಫೋಟೋ ಕೂಡ ತೆಗೆಯಲಿಲ್ಲ. ಆದರೆ ನನ್ನ ಪಾಲಿಗೆ ಬಂದ ಟ್ರಸ್ಟು ಅಂಥದ್ದಾಗಿರಲಿಲ್ಲ.

ಬಾಗಲಗುಂಟೆಯ ಅಂಗನವಾಡಿ ಒಂದೇ ಕೋಣೆಯದು. ಮುಂದೆ ಒಂದು ಚೋಟುದ್ದದ ಜಗಲಿ, ಪಕ್ಕದಲ್ಲಿ ಒಂದು ಹೊಂಗೆ ಮರ. ಅಲ್ಲಿ ರತ್ನಮ್ಮ ಟೀಚರ್ ಇಪ್ಪತ್ತೆರಡು ವರ್ಷದಿಂದ ಇದ್ದರು. ಕುಳ್ಳಗಿನ ಹೆಂಗಸು, ದನಿ ಮಾತ್ರ ಗಲ್ಲಿಯ ಕೊನೆಯವರೆಗೂ ಕೇಳುವಂಥದ್ದು. ಬರುವ ಮಕ್ಕಳೆಲ್ಲ ಹೆಚ್ಚುಕಡಿಮೆ ರಾಯಚೂರು, ಯಾದಗಿರಿ ಕಡೆಯಿಂದ ಬಂದು ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಹೆಣ್ಣುಮಕ್ಕಳ ಮಕ್ಕಳು.

“ಈ ರೂಮೊಂದು ಇರೋದಕ್ಕೆ ಕಿಟ್ಟಣ್ಣ, ಈ ಹೆಣ್ಮಕ್ಳು ತಮ್ಮ ಮಕ್ಳನ್ನ ಜೊತೇಲಿ ಇಟ್ಕೊಂಡಿದಾರೆ” ಎಂದು ಮೊದಲ ದಿನವೇ ಹೇಳಿದ್ದರು. “ಇದಿಲ್ಲ ಅಂದ್ರೆ ಕೆಲಸ ಬಿಡ್ಬೇಕು, ಇಲ್ಲಾಂದ್ರೆ ಮಗೂನ ಊರಿಗೆ ಕಳಿಸ್ಬೇಕು. ಬೇರೆ ದಾರಿ ಇಲ್ಲ.”

ಆ ರೂಮಿನ ತಾರಸಿ ಸೋರುತ್ತಿತ್ತು. ಒಳಗಿನ ಗೋಡೆಯ ಮೂಲೆಯಲ್ಲಿ, ಸೂರಿನಿಂದ ಎದೆಮಟ್ಟದವರೆಗೆ, ಹಸಿರು ಕಪ್ಪು ಬಣ್ಣದ ದೊಡ್ಡ ತೇವದ ಕಲೆ. ಸೂರಿನಲ್ಲಿ ಒಂದು ಬಿರುಕು. ಕಸುಬಿನ ಅಭ್ಯಾಸ ನೋಡಿ, ನಾನು ಬಿರುಕು ತುಂಬುವ ಪಟ್ಟಿಯನ್ನು ಬಳಿಯುವ ಬ್ಲೇಡು ತೆಗೆದು ಆ ಕಲೆಯನ್ನು ಕೆರೆಯಲು ಹೋದೆ.

“ಅಯ್ಯೋ, ಮುಟ್ಬೇಡಿ ಅದನ್ನ!” ಎಂದು ರತ್ನಮ್ಮ ಚೀರಿದರು. “ತಾರಸಿ ರಿಪೇರಿಗೆ ಇಲಾಖೆಗೆ ಅರ್ಜಿ ಕೊಟ್ಟಿದೀನಿ. ಎಷ್ಟು ಸಲ ಅಲೆದಿದೀನಿ ಅಂತ ದೇವರಿಗೇ ಗೊತ್ತು. ಈ ಮಳೆಗಾಲದಲ್ಲಿ ಇಂಜಿನಿಯರ್ ಬಂದು ನೋಡ್ತಾರಂತೆ. ಅವ್ರು ಬಂದು ಕಣ್ಣಾರೆ ನೋಡ್ಬೇಕು. ಅದು ನನ್ನ ಸಾಕ್ಷಿ ಕಣ್ರೀ.”

ನಾನು ಏಣಿ ಹಾಕಿ ತಾರಸಿ ಹತ್ತಿ ನೋಡಿ ಬಂದೆ. ನೀರು ಹರಿದುಹೋಗುವ ಇಳಿಜಾರೇ ಇಲ್ಲ, ಮಧ್ಯದಲ್ಲಿ ಮೊಣಕಾಲು ಮುಳುಗದಿದ್ದರೂ ಪಾದ ಮುಳುಗುವಷ್ಟು ನೀರು. ಮೇಲಿನ ಗಾರೆ ಕಿತ್ತು ಇಳಿಜಾರು ಮಾಡಿ ವಾಟರ್‌ಪ್ರೂಫ್ ಹಾಕಿದರೆ ಮುಗಿಯಿತು. ಇಬ್ಬರು ಆಳಿಗೆ ನಾಲ್ಕು ದಿನದ ಕೆಲಸ. ಟ್ರಸ್ಟಿನ ಕಡೆಯಿಂದ ಎಲ್ಲ ನೋಡಿಕೊಳ್ಳುತ್ತಿದ್ದ ನಿವೇದಿತಾ ಎಂಬ ಹುಡುಗಿಗೆ ಇದನ್ನು ಹೇಳಿದೆ. ಕೊರಳಲ್ಲಿ ಗುರುತಿನ ಚೀಟಿ, ಎರಡು ಫೋನು, ಯಾವಾಗಲೂ ಓಡಾಟ. ಕೆಟ್ಟ ಹುಡುಗಿಯಲ್ಲ, ನನ್ನನ್ನು ಅಣ್ಣಾ ಎಂದೇ ಕರೆಯುತ್ತಿದ್ದಳು.

“ಅಣ್ಣಾ, ರೂಫ್ ನಮ್ಮ ಸ್ಕೋಪ್‌ನಲ್ಲಿ ಬರಲ್ಲ” ಎಂದಳು. “ನಮ್ಮದು ಗೋಡೆ ಪ್ರಾಜೆಕ್ಟ್. ಕಂಪನಿಗಳಿಂದ ವಾಲಂಟಿಯರ್ಸ್ ಬರ್ತಾರಲ್ಲ, ಅವ್ರನ್ನ ತಾರಸಿ ಹತ್ಸೋಕಾಗುತ್ತಾ? ಸೇಫ್ಟಿ ಇಶ್ಯೂ.”

“ಅವ್ರು ಯಾಕಮ್ಮಾ ಹತ್ಬೇಕು? ನಾನು ಹತ್ತೀನಿ.”

“ನೀವು ಹತ್ತಿದ್ರೆ ಫೋಟೋದಲ್ಲಿ ಅವ್ರು ಎಲ್ಲಿರ್ತಾರೆ ಅಣ್ಣಾ?” ಎಂದು ನಕ್ಕಳು. ತಮಾಷೆಗೆ ಹೇಳಿದಳು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಅವಳ ಕೆಲಸದ ನಿಯಮವೇ ಆಗಿತ್ತು.

ಮೊದಲ ಕೆಲಸ ಕಾಂಪೌಂಡಿನ ಮೇಲೆ ಬೋರ್ಡು. ಎಷ್ಟೋ ವರ್ಷದ ಮೇಲೆ ಅಕ್ಷರ ಬರೆಯುವ ಕೆಲಸ ಸಿಕ್ಕಿತ್ತು, ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ನಿವೇದಿತಾ ಫೋನಿನಲ್ಲಿ ಕನ್ನಡ ಮಾಡಿಕೊಂಡು ಬಂದ ಸಾಲನ್ನು ತೋರಿಸಿದಳು. ‘ದತ್ತು ಅಂಗನವಾಡಿ ಕೇಂದ್ರ.’ ಕೆಳಗೆ ಟ್ರಸ್ಟಿನ ಹೆಸರು. ನಾನು ಓದಿ ತಲೆ ಕೆರೆದುಕೊಂಡೆ. “ಮೇಡಂ, ‘ದತ್ತು ಪಡೆದ’ ಅಂತಾದ್ರೂ ಆಗ್ಬೇಕು. ಇದು ಬೇರೆ ಏನೋ ಅರ್ಥ ಬರುತ್ತೆ” ಎಂದೆ. ಅವಳು ಅಳತೆ ನೋಡಿದಳು. ಇನ್ನೊಂದು ಪದ ಸೇರಿದರೆ ಟ್ರಸ್ಟಿನ ಗುರುತು ಚಿಕ್ಕದಾಗುತ್ತಿತ್ತು. “ಬಿಡಿ ಅಣ್ಣಾ, ಜನಕ್ಕೆ ಅರ್ಥ ಆಗುತ್ತೆ” ಎಂದಳು. ನಾನೂ ಬಿಟ್ಟೆ. ಬಿಟ್ಟಿದ್ದಷ್ಟೇ ಅಲ್ಲ, ಒಳ್ಳೆಯ ಎನಾಮೆಲ್ ತೆಗೆದುಕೊಂಡು ಎರಡು ಕೋಟ್ ಹಾಕಿ, ‘ತ್ತು’ವಿನ ಒತ್ತಿಗೆ ಒಂದು ಸೊಗಸಾದ ಬಳುಕು ಕೊಟ್ಟು ಬರೆದೆ. ಹತ್ತು ವರ್ಷ ಬಿಸಿಲು ಮಳೆಗೆ ಜಗ್ಗಬಾರದು, ಹಾಗೆ.

ರತ್ನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು ಓದಿದರು. “ದತ್ತು ತಗೊಂಡೋರು ಮನೆಗೆ ಕರ್ಕೊಂಡ್ ಹೋಗಿ ಹಾಲು ಅನ್ನ ಹಾಕ್ಬೇಕಲ್ವಾ ಕಿಟ್ಟಣ್ಣ? ಇವ್ರು ಬಣ್ಣ ಹಾಕ್ತಾರಾ?” ಎಂದರು. ಇಬ್ಬರೂ ನಕ್ಕೆವು.

ಆಮೇಲೆ ಶನಿವಾರಗಳು ಶುರುವಾದವು. ಹೆಬ್ಬಾಳದ ಕಡೆಯ ದೊಡ್ಡ ಆಫೀಸುಗಳಿಂದ ಏಸಿ ಬಸ್ಸಲ್ಲಿ ಜನ ಬರುತ್ತಿದ್ದರು. ಬಸ್ಸು ಗಲ್ಲಿಯೊಳಗೆ ಬರಲಾಗದೆ ಮೇನ್ ರೋಡಿನಲ್ಲೇ ನಿಲ್ಲುತ್ತಿತ್ತು. ಎಲ್ಲರಿಗೂ ಒಂದೇ ಬಣ್ಣದ ಟೀಶರ್ಟು, ಕೈಗೆ ಗ್ಲೌಸು, ತಿಂಡಿ ಡಬ್ಬಿ. ಒಂದು ಗಂಟೆ ಗೋಡೆಗೆ ಬಣ್ಣ ಬಳಿಯುವುದು, ಒಂದು ಗಂಟೆ ಫೋಟೋ. ಚಿಟ್ಟೆ, ಕಾಮನಬಿಲ್ಲು, ತಮ್ಮದೇ ಅಂಗೈಯ ಗುರುತು. ಪಾಪ, ಅವರಲ್ಲಿ ಎಷ್ಟೋ ಮಂದಿ ನಿಜವಾಗಿಯೂ ಒಳ್ಳೆಯದು ಮಾಡಬೇಕೆಂದೇ ಬಂದವರು. ಒಬ್ಬ ಹುಡುಗ ಮಂಡಿಯೂರಿ ಕೂತು ಬಹಳ ಶ್ರದ್ಧೆಯಿಂದ ಒಂದು ಜಿರಾಫೆ ಬರೆದ. ಕತ್ತು ಕಿಟಕಿಯ ಎತ್ತರಕ್ಕೆ ಹೋಗಿತ್ತು, ಕಾಲು ಮಾತ್ರ ಮೂರೇ. ಮಕ್ಕಳಿಗೆ ಅದೆಂದರೆ ಪ್ರಾಣ. ಭಾಗ್ಯ ಎಂಬ ನಾಲ್ಕು ವರ್ಷದ ಹುಡುಗಿ ದಿನಾ ತನ್ನ ತಟ್ಟೆಯಿಂದ ಒಂದು ತುತ್ತು ತೆಗೆದು ಅದರ ಬಾಯಿಗೆ ಒರೆಸಿ ಬರುತ್ತಿದ್ದಳು. ಬಾಯಿ ಎತ್ತರದಲ್ಲಿದೆ ಎಂದು ರತ್ನಮ್ಮನವರೇ ಅವಳನ್ನು ಎತ್ತಿ ಹಿಡಿಯುತ್ತಿದ್ದರು.

ಮುಂದಿನ ಶುಕ್ರವಾರ ನಿವೇದಿತಾ ನನಗೆ ಹೇಳಿದಳು, “ಅಣ್ಣಾ, ಗೋಡೆ ಪೂರ್ತಿ ಬಿಳಿ ಮಾಡ್ಬಿಡಿ. ನಾಳೆ ಇನ್ನೊಂದು ಕಂಪನಿ ಬರ್ತಿದೆ.”

“ಜಿರಾಫೆ?”

“ಅದು ಹಳೇ ಬ್ಯಾಚಿಂದು. ಇವ್ರಿಗೆ ಖಾಲಿ ಗೋಡೆ ಬೇಕಲ್ಲ.”

ನನ್ನ ಕೆಲಸ ಅದಾಗಿತ್ತು. ಶುಕ್ರವಾರ ಬಿಳಿ ಬಳಿಯುವುದು, ಶನಿವಾರ ಅವರು ಬಳಿದದ್ದನ್ನು ಸೋಮವಾರ ತಿದ್ದುವುದು, ಮತ್ತೆ ಶುಕ್ರವಾರ ಬಿಳಿ. ಕಲೆಯಿದ್ದ ಮೂಲೆ ಬಿಟ್ಟು, ಅದೇ ಒಂದೇ ಗೋಡೆ. ಥೂ, ಇಂಥ ಕೆಲಸವನ್ನು ನನ್ನ ಜನ್ಮದಲ್ಲಿ ಮಾಡಿರಲಿಲ್ಲ. ಒಬ್ಬ ಪೇಂಟರ್‌ಗೆ ಕೆಲಸ ಮುಗಿಸಿ ದೂರ ನಿಂತು ನೋಡುವ ಒಂದು ಗಳಿಗೆ ಇರುತ್ತದೆ, ಅದೂ ಇಲ್ಲ. ವಾಸನೆಗೆ ಮಕ್ಕಳಿಗೆ ತಲೆ ಸುತ್ತು ಬರುತ್ತದೆ ಎಂದು ಶುಕ್ರವಾರದಿಂದ ಸೋಮವಾರದ ತನಕ ಅವರನ್ನು ಹೊರಗೆ ಜಗಲಿಯ ಮೇಲೆ ಕೂರಿಸುತ್ತಿದ್ದರು. ಮಳೆ ಎರಚಲು ಹೊಡೆದರೆ ರತ್ನಮ್ಮ ಹಳೆಯ ಫ್ಲೆಕ್ಸೊಂದನ್ನು ಅಡ್ಡ ಕಟ್ಟುತ್ತಿದ್ದರು. ಅದೂ ಟ್ರಸ್ಟಿನದೇ ಫ್ಲೆಕ್ಸು, ಅದರ ಮೇಲೆ ನಗುವ ಮಕ್ಕಳ ಚಿತ್ರ. ಅದರ ಹಿಂದೆ ಅಂಗನವಾಡಿಯ ಮಕ್ಕಳು ಒದ್ದೆ ಚಾಪೆಯ ಮೇಲೆ ಮೊಟ್ಟೆ ತಿನ್ನುತ್ತಿದ್ದರು. ಅಡುಗೆಯ ಸಹಾಯಕಿ ಮುನಿಯಮ್ಮ ಅದೇ ಊರಿನ ಹಳೆಯ ಒಕ್ಕಲು ಮನೆಯವಳು, ಬಾಯಿಗೆ ಬಂದದ್ದನ್ನು ಹೇಳಿಬಿಡುವವಳು. “ಇಂಗೇ ಬಳ್ದೂ ಬಳ್ದೂ ಗೋಡೆ ದಪ್ಪ ಆಯ್ತಾ ಐತೆ, ರೂಮು ಚಿಕ್ದಾಯ್ತಾ ಐತೆ” ಎಂದಳು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಜಿರಾಫೆ ಅಳಿಸಿದ ದಿನ ಭಾಗ್ಯ ಗೋಡೆಯ ಮುಂದೆ ನಿಂತು ಕೈಯಲ್ಲಿ ತುತ್ತು ಹಿಡಿದುಕೊಂಡೇ ಅತ್ತಳು. ನಾನು ಬ್ರಷ್ ತೊಳೆಯುವ ನೆಪದಲ್ಲಿ ಹಿಂದಕ್ಕೆ ಹೋದೆ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಭಾಗ್ಯಳ ತಾಯಿ ಮಲ್ಲಮ್ಮ ನನ್ನ ಏಣಿಯ ಬುಡದಲ್ಲಿ ಬಂದು ನಿಂತಳು. ರಾಯಚೂರು ಕಡೆಯವಳು, ಗಂಡ ಇಲ್ಲ, ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳೆ. ಮುಖ ಕೆಂಪಗಾಗಿತ್ತು.

“ಅಣ್ಣಾರ, ಈ ಬೋರ್ಡ್ ನೀವ ಬರ್ದೀರೇನ್ರಿ?”

“ಹೌದಮ್ಮ.”

“ದತ್ತಕ ಕೊಡೋ ಕೇಂದ್ರ ಅಂತ ಬರ್ದೈತಂತಲ್ರಿ. ನಮ್ ಲೈನ್‌ನ್ಯಾಗ ಓದಾಕ ಬರೋ ಹುಡುಗಿ ಹೇಳಿದ್ಲು. ವಾರಾವಾರ ಯಾರ್‍ಯಾರೋ ಸಾಹೇಬ್ರು ಬರ್ತಾರ, ಹುಡುಗೂರ್ನ ಎತ್ತಿ ಎತ್ತಿ ಫೋಟೋ ಹೊಡ್ಕೊಂತಾರ. ನನ್ ಕಡಿಂದ ಒಂದು ಕಾಗದಕ್ಕ ಹೆಬ್ಬೆಟ್ಟು ಒತ್ತಿಸ್ಕೊಂಡಾರ. ನಾ ಹಡದೀನ್ರಿ ಆಕೀನ. ನಾ ಯಾರಿಗೂ ಕೊಡಂಗಿಲ್ಲ!”

ನಾನು ಏಣಿಯಿಂದ ಇಳಿದುಬಂದು ಬಿಡಿಸಿ ಹೇಳಿದೆ. ಕಾಗದ ಫೋಟೋಗೆ ಒಪ್ಪಿಗೆಯದು. ದತ್ತು ತೆಗೆದುಕೊಂಡಿರುವುದು ಮಕ್ಕಳನ್ನಲ್ಲ, ಕಟ್ಟಡವನ್ನು.

“ಕಟ್ಟಡ ದತ್ತಕ ತಗೊಳ್ಳಾಕ ಅದೇನು ಕೂಸೇನ್ರಿ?” ಎಂದಳು.

ಉತ್ತರ ಕೊಡಿ ನೋಡೋಣ. ಆ ವಾರ ಇಪ್ಪತ್ತು ಮಕ್ಕಳು ಬರುವ ಕಡೆ ಆರು ಮಕ್ಕಳು ಬಂದರು. ಉಳಿದವರನ್ನು ತಾಯಂದಿರು ತಮ್ಮ ಬಾಡಿಗೆ ರೂಮಿನಲ್ಲಿ ಕೂಡಿಹಾಕಿ ಹೊರಗಿಂದ ಚಿಲಕ ಹಾಕಿಕೊಂಡು ಫ್ಯಾಕ್ಟರಿಗೆ ಹೋಗುತ್ತಿದ್ದರು. ರತ್ನಮ್ಮ ಮನೆ ಮನೆಗೆ ಅಲೆದರು. ಒಂದು ಮಧ್ಯಾಹ್ನ ನಾನೂ ಜೊತೆಗೆ ಹೋದೆ. ಭಾಗ್ಯ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ರತ್ನಮ್ಮ ಸರಳಿನ ನಡುವೆ ಬೇಯಿಸಿದ ಮೊಟ್ಟೆ ಕೊಟ್ಟರು, ಅದು ಕೈ ಜಾರಿ ಒಳಗೆ ಬಿತ್ತು, ಅವಳು ಬಗ್ಗಿ ಹೆಕ್ಕಿಕೊಂಡು ತಿಂದಳು. ಆ ಬೋರ್ಡಿನ ಅಕ್ಷರಕ್ಕೆ ಬಳುಕು ಕೊಟ್ಟ ಕೈಯನ್ನು ಏನು ಮಾಡಲಿ ಎಂದು ತಿಳಿಯಲಿಲ್ಲ.

ನಿವೇದಿತಾಳಿಗೆ ಹೇಳಿದರೆ ಅವಳು ನಿಜವಾಗಿಯೂ ಗಾಬರಿಯಾದಳು. ಬೋರ್ಡು ಬದಲಿಸಲು ಮೇಲಿನವರ ಒಪ್ಪಿಗೆ ಬೇಕು ಎಂದಳು, ಕೇಳಿದಳು, ಒಪ್ಪಿಗೆ ಬರಲಿಲ್ಲ. ಆಗಲೇ ಆ ಬೋರ್ಡಿನ ಫೋಟೋ ಅವರ ವರದಿಯ ಮುಖಪುಟದಲ್ಲಿ ಅಚ್ಚಾಗಿತ್ತಂತೆ. ಅದೂ ಅಲ್ಲದೆ ಅವಳಿಗೆ ಅದಕ್ಕಿಂತ ದೊಡ್ಡ ತಲೆನೋವು ಬಂದಿತ್ತು. ಹಣ ಕೊಡುವ ದೊಡ್ಡವರೊಬ್ಬರು ಹೊರದೇಶದಿಂದ ನೋಡಲು ಬರುವವರಿದ್ದರು.

“ಅಣ್ಣಾ, ಒಳಗಿನ ಆ ಪ್ಯಾಚ್ ಇದೆಯಲ್ಲ, ಅದೊಂದು ಮುಚ್ಬಿಡಿ. ಪ್ಲೀಸ್” ಎಂದಳು.

“ಅದು ಟೀಚರ್ ಸಾಕ್ಷಿ ಕಣಮ್ಮ. ಇಂಜಿನಿಯರ್ ಬರೋವರ್ಗೂ ಮುಟ್ಬೇಡ ಅಂದಿದಾರೆ.”

“ಎರಡೇ ದಿನ ಅಣ್ಣಾ. ಅವ್ರು ಬಂದ್ ಹೋದ್ಮೇಲೆ ಕೆರೆದುಬಿಡಿ. ಇಲ್ಲಾಂದ್ರೆ ನನ್ನ ಕೆಲಸ ಹೋಗುತ್ತೆ.” ಕಣ್ಣಲ್ಲಿ ನೀರು ಬಂದಿತ್ತು.

ರತ್ನಮ್ಮ ಆ ದಿನ ಮೀಟಿಂಗಿಗೆ ಹೋಗಿದ್ದರು. ನಾನು ಮುಚ್ಚಿದೆ. ನನ್ನನ್ನು ಯಾರೂ ಕಟ್ಟಿಹಾಕಿ ಮಾಡಿಸಲಿಲ್ಲ, ನಾನೇ ಮಾಡಿದೆ. ತೇವದ ಗೋಡೆಗೆ ಪಟ್ಟಿ ಹಾಕಬಾರದು ಎಂದು ಈ ಕಸುಬಿನಲ್ಲಿ ಮೊದಲ ದಿನ ಕಲಿಸುತ್ತಾರೆ. ಹದಿನೈದು ದಿನ ನಿಲ್ಲುತ್ತದೆ, ಆಮೇಲೆ ಹಪ್ಪಳದ ಹಾಗೆ ಉಬ್ಬಿ ಉದುರುತ್ತದೆ. ಗೊತ್ತಿದ್ದೂ ಕಲೆಯನ್ನು ಕೆರೆದೆ, ಸೂರಿನ ಬಿರುಕಿಗೆ ಪಟ್ಟಿ ತುಂಬಿದೆ, ಉಜ್ಜಿ ನುಣ್ಣಗೆ ಮಾಡಿ ತಿಳಿಹಳದಿ ಬಳಿದೆ. ಕೆಲಸ ಮುಗಿಸಿ ದೂರ ನಿಂತು ನೋಡಿದರೆ, ದೇವರಾಣೆ, ಬಹಳ ಚೆನ್ನಾಗಿ ಕಾಣುತ್ತಿತ್ತು. ನನ್ನ ಮೇಲೆ ನನಗಿರುವ ಹೇಸಿಗೆಯ ಮುಕ್ಕಾಲು ಪಾಲು ಆ ಗಳಿಗೆಯದು.

ಸಂಜೆ ರತ್ನಮ್ಮ ಬಂದು ನೋಡಿ, ಗೋಡೆಯ ಮೇಲೆ ಕೈಯಿಟ್ಟು ಸವರಿದರು. “ಎರಡು ದಿನ ಅಷ್ಟೇ ಟೀಚರ್, ಆಮೇಲೆ ನಾನೇ ಕೆರೀತೀನಿ” ಎಂದೆ. ಅವರು ತಲೆಯಾಡಿಸಿದರು.

ದೊಡ್ಡವರು ಬರುವ ದಿನಕ್ಕೆ ರೂಮಿನಲ್ಲಿ ಆರೇ ಮಕ್ಕಳು. ಆರು ಮಕ್ಕಳ ಮುಂದೆ ಅಷ್ಟು ದೊಡ್ಡ ಕ್ಯಾಮೆರಾ ಹಿಡಿದರೆ ಚೆನ್ನಾಗಿರುತ್ತದೆಯೇ? ಯಲಹಂಕ ಕಡೆಯ ಯಾವುದೋ ಪ್ಲೇಹೋಮಿನಿಂದ ವ್ಯಾನಿನಲ್ಲಿ ಹದಿನೈದು ಮಕ್ಕಳನ್ನು ತಂದರು. ಅವರ ಶೂಸು ಬಿಚ್ಚಿಸಿ ಬಾಗಿಲ ಹಿಂದೆ ಬಚ್ಚಿಟ್ಟರು, ತಲೆ ಕೂದಲನ್ನು ಒಂದಿಷ್ಟು ಕೆದರಿದರು. ನಾನು ಕಣ್ಣಾರೆ ನೋಡಿದ್ದು. ಒಂದು ಮಗು ಅಳುತ್ತಾ ಇಂಗ್ಲಿಷಿನಲ್ಲಿ ಅಮ್ಮನನ್ನು ಕೇಳುತ್ತಿತ್ತು. ಹೊರಗೆ ಗೇಟಿನ ಆಚೆ, ಆ ದಿನ ಫ್ಯಾಕ್ಟರಿಗೆ ರಜೆಯಿದ್ದದ್ದರಿಂದ, ಮಲ್ಲಮ್ಮ ಭಾಗ್ಯಳನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದಳು. ಬೇರೆ ತಾಯಂದಿರೂ ಇದ್ದರು. ವ್ಯಾನಿನಿಂದ ಇಳಿದ ಮಕ್ಕಳನ್ನು ನೋಡಿ ಮಲ್ಲಮ್ಮ ಪಕ್ಕದವಳಿಗೆ, “ನೋಡ್, ನೋಡ್, ದತ್ತಕಕ್ಕ ತಂದಾರ” ಎಂದಳು. ಆಮೇಲೆ ಅವರ ಅನುಮಾನ ಬಿಡಿಸಲು ಆ ಬ್ರಹ್ಮನಿಂದಲೂ ಆಗುತ್ತಿರಲಿಲ್ಲ.

ದೊಡ್ಡವರು ಬಂದರು, ಗೋಡೆಯನ್ನು ಮೆಚ್ಚಿದರು, ಒಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರು, ಹೋದರು. ಇಪ್ಪತ್ತು ನಿಮಿಷ. ಅವರು ಹೋದ ಮೇಲೆ ಉಳಿದ ಕೇಕಿನ ಡಬ್ಬಗಳನ್ನು ಪ್ಲೇಹೋಮಿನ ಮಕ್ಕಳ ಜೊತೆಗೇ ವ್ಯಾನಿಗೆ ತುಂಬಿದರು. ಗೇಟಿನ ಆಚೆ ನಿಂತವರಿಗೆ ಒಂದು ತುಣುಕೂ ಇಲ್ಲ.

ಮಾರನೆಯ ಬೆಳಿಗ್ಗೆ ಕೆರೆಯೋಣ ಎಂದು ಬ್ಲೇಡು ಹಿಡಿದು ಹೋದೆ. ನಾನು ಗಲ್ಲಿ ತಿರುಗುವ ಹೊತ್ತಿಗೆ ಇಲಾಖೆಯ ಜೀಪು ಗೇಟಿನಲ್ಲಿ ನಿಂತಿತ್ತು. ಮೂರು ತಿಂಗಳು ಕಾಯಿಸಿದ ಇಂಜಿನಿಯರ್ ಅವತ್ತೇ ಬರಬೇಕೇ! ಒಳಗೆ ಹೋಗಿ ಸೂರು ನೋಡಿದರು, ಗೋಡೆ ತಟ್ಟಿದರು. ರತ್ನಮ್ಮ ಕೈಕೈ ಹಿಸುಕಿಕೊಂಡು, “ಸಾರ್, ಇದರ ಒಳಗೆ ತೇವ ಇದೆ ಸಾರ್. ಮೇಲೆ ಬಣ್ಣ ಅಷ್ಟೇ. ಕೇಳಿ ಬೇಕಾದ್ರೆ ಇವ್ರನ್ನ” ಎಂದು ನನ್ನ ಕಡೆ ಕೈ ತೋರಿಸಿದರು.

“ಹೌದು ಸಾರ್. ತಾರಸಿ ಮೇಲೆ ನೀರು ನಿಂತಿದೆ. ಹತ್ತಿ ನೋಡಿ ಸಾರ್, ಏಣಿ ಹಾಕ್ತೀನಿ” ಎಂದೆ.

ಅವರು ಏಣಿ ನೋಡಲಿಲ್ಲ. ಹೊರಗೆ ಬಂದು ಕಾಂಪೌಂಡಿನ ಬೋರ್ಡನ್ನು ಒಂದೊಂದೇ ಅಕ್ಷರ ಓದಿದರು. ಮುಖದಲ್ಲಿ ಒಂದು ನಿರಾಳ ಬಂತು.

“ಏನಮ್ಮಾ ಇದು, ದತ್ತು ಹೋಗಿದೆಯಲ್ಲ ಆಗಲೇ! ಟ್ರಸ್ಟ್‌ನೋರು ಇಷ್ಟು ಚೆನ್ನಾಗಿ ಮಾಡ್ಸಿದಾರೆ. ತಾರಸೀನೂ ಅವ್ರೇ ಮಾಡ್ತಾರೆ ಬಿಡಿ. ದತ್ತು ಹೋದ ಮಗೂಗೆ ಹುಟ್ಟಿದ ಮನೇಲಿ ಪಾಲು ಕೇಳಿದ್ರೆ ಹೇಗಮ್ಮಾ?” ತಮ್ಮ ಮಾತಿಗೆ ತಾವೇ ನಕ್ಕರು. ರಿಪೇರಿ ಅಗತ್ಯವಿಲ್ಲ ಎಂದು ಬರೆದು ಜೀಪು ಹತ್ತಿದರು.

ರತ್ನಮ್ಮ ಟ್ರಸ್ಟಿಗೆ ಫೋನ್ ಮಾಡಿದರು. ತಾರಸಿ ಸರ್ಕಾರದ ಜವಾಬ್ದಾರಿ ಎಂದರು ಅವರು. ಇಲಾಖೆಗೆ ಹೋದರೆ ಟ್ರಸ್ಟಿನದು ಎಂದರು. ನನ್ನ ಒಂದು ಪದ ಆ ಕೋಣೆಯನ್ನು ಇಬ್ಬರ ಕೈಯಿಂದಲೂ ತಪ್ಪಿಸಿತ್ತು.

ಸೆಪ್ಟೆಂಬರಿನ ಒಂದು ಭಾನುವಾರ ಹಿಡಿದು ಸುರಿಯಿತು. ಸೋಮವಾರ ಬೆಳಿಗ್ಗೆ ಮುನಿಯಮ್ಮ ಬಾಗಿಲು ತೆಗೆದರೆ ಸೂರಿನ ಗಾರೆ ಮಣಗಟ್ಟಲೆ ಕೆಳಗೆ ಬಿದ್ದಿತ್ತು, ಒಳಗಿನ ಕಂಬಿ ತುಕ್ಕು ಹಿಡಿದು ಕಾಣುತ್ತಿತ್ತು. ಮಕ್ಕಳು ಕೂರುವ ಜಾಗ. ರಜೆಯ ದಿನ ಬಿದ್ದದ್ದು ಪುಣ್ಯ. ಈಗ ಇಲಾಖೆಯವರು ಓಡೋಡಿ ಬಂದರು, ಅಪಾಯದ ಕಟ್ಟಡ ಎಂದು ಬೀಗ ಜಡಿದರು. ಅಂಗನವಾಡಿಯನ್ನು ಹೆಸರಘಟ್ಟ ರಸ್ತೆಯ ಆಚೆಗೆ, ವೆಲ್ಡಿಂಗ್ ಶಾಪಿನ ಪಕ್ಕದ ಒಂದು ಶಟರ್ ಅಂಗಡಿಗೆ ಹಾಕಿದರು. ಬೆಳಿಗ್ಗೆ ಏಳೂವರೆಗೆ ಫ್ಯಾಕ್ಟರಿ ಬಸ್ ಹಿಡಿಯುವ ಹೆಂಗಸರು ಆ ಲಾರಿಗಳ ರಸ್ತೆ ದಾಟಿ ಮಗು ಬಿಟ್ಟು ಮತ್ತೆ ಈಚೆ ಬರುವುದು ಸಾಧ್ಯವೇ ಇರಲಿಲ್ಲ. ಟ್ರಸ್ಟು ಆ ಹೊತ್ತಿಗೆ ಬೇರೆ ಗೋಡೆ ಹುಡುಕಿಕೊಂಡಿತ್ತು. ನಿವೇದಿತಾ ಕೆಲಸ ಬಿಟ್ಟಳು ಎಂದು ಕೇಳಿದೆ.

ರತ್ನಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಾಮಾನು ಸಾಗಿಸಲು ಹೋದಾಗ ಬಿದ್ದ ಗಾರೆಯ ಒಂದು ಹೆಂಟೆ ಎತ್ತಿ ನನ್ನ ಕೈಗಿಟ್ಟರು. ಒಂದು ಪಕ್ಕ ತಿಳಿಹಳದಿ, ನುಣ್ಣಗೆ, ನನ್ನದೇ ಕೆಲಸ. ಹಿಂದೆಲ್ಲ ಪಾಚಿ.

“ಇಷ್ಟು ನೀಟಾಗಿ ಮಾಡ್ಬಾರ್ದಿತ್ತು ಕಿಟ್ಟಣ್ಣ” ಎಂದರು, ಅಷ್ಟೇ.

ದಸರಾ ಮುಗಿದ ಮೇಲೆ ಮಲ್ಲಮ್ಮ ಮೇನ್ ರೋಡಿನ ಬಸ್ ಸ್ಟಾಪಿನಲ್ಲಿ ಸಿಕ್ಕಳು. ಯಶವಂತಪುರ ಸ್ಟೇಷನ್ನಿಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದಳು. ಜೊತೆಗೆ ಊರಿಂದ ಬಂದಿದ್ದ ಅವಳ ತಾಯಿ, ಒಂದು ಚೀಲ, ಹೊಸ ಫ್ರಾಕ್ ಹಾಕಿಕೊಂಡ ಭಾಗ್ಯ. ಅಂಗನವಾಡಿ ದೂರ ಹೋದ ಮೇಲೂ ಮೂರು ವಾರ ಕೂಡಿಹಾಕಿ ನೋಡಿದಳಂತೆ. ಒಂದು ದಿನ ಮಗು ಸ್ಟವ್ ಹತ್ತಿರ ಹೋಗಿ ಕೈ ಸುಟ್ಟುಕೊಂಡಿತ್ತು. ಇನ್ನು ಅಜ್ಜಿಯ ಜೊತೆ ಊರಿಗೆ.

ಭಾಗ್ಯ ನನ್ನನ್ನು ನೋಡಿ, “ಅಣ್ಣಾ, ಜಿರಾಫಿ ಎಲ್ಲಿ ಹೋತು?” ಎಂದಳು.

ನಾನು ಅವಳ ತಲೆ ಸವರಿದೆ. ಬಸ್ಸು ಬಂತು. ಹತ್ತುವಾಗ ಮಲ್ಲಮ್ಮ ಹಿಂದೆ ತಿರುಗಿದಳು. ಕಣ್ಣು ಒಣಗಿತ್ತು.

“ಯಾರಿಗೂ ಕೊಡಂಗಿಲ್ಲ ಅಂದಿದ್ನಲ್ರಿ ಅಣ್ಣಾರ. ಕೊಟ್ಟೆ ನೋಡ್ರಿ. ನಿಮ್ ಬೋರ್ಡಿನ್ಯಾಗ ಬರ್ದಂಗ ಆತು.”

ಅದು ಆ ಮಳೆಗಾಲದ ಕೊನೆ. ಆ ಕಟ್ಟಡಕ್ಕೆ ಇವತ್ತಿಗೂ ಬೀಗ. ಹೊಂಗೆ ಮರದ ಬೇರು ಜಗಲಿಯನ್ನು ಎತ್ತಿದೆ. ಬೋರ್ಡು ಮಾತ್ರ ನಿನ್ನೆ ಬರೆದಂತಿದೆ. ಒಳ್ಳೆಯ ಎನಾಮೆಲ್, ಎರಡು ಕೋಟ್.

ಇಷ್ಟೆಲ್ಲ ನೆನಪಾಗುತ್ತಾ ದಾಸರಹಳ್ಳಿಯಲ್ಲಿ ನೀರಿನ ಲೋಟ ಹಿಡಿದು ಕೂತಿದ್ದೆ. ಎದ್ದು ಹೋಗಿಬಿಡಬಹುದಿತ್ತು. ಹೋದರೆ ಫ್ಲೆಕ್ಸಿನವನನ್ನು ಕರೆಸಿ ಅದೇ ಸಾಲನ್ನು ಕಟ್ಟಿಸುತ್ತಾರೆ, ಅಷ್ಟೇ ತಾನೇ. ಲೋಟ ಕೊಡುವ ನೆಪದಲ್ಲಿ ಒಳಗೆ ಹೋಗಿ ತಲೆಯೆತ್ತಿ ನೋಡಿದೆ. ಸೂರಿನ ಮೂಲೆಯಲ್ಲಿ ತೇವ. ಇನ್ನೂ ಅಂಗೈ ಅಗಲ.

“ಇದಕ್ಕೆ ಅರ್ಜಿ ಕೊಟ್ಟಿದೀರಾ ಟೀಚರ್?”

“ಕೊಟ್ಟಿದೀನಣ್ಣಾ. ಮುಂದಿನ ತಿಂಗಳು ಇಂಜಿನಿಯರ್ ಬರ್ತಾರಂತೆ.”

“ಅದನ್ನ ಯಾರಿಗೂ ಮುಚ್ಚೋಕೆ ಬಿಡ್ಬೇಡಿ. ನಾನು ಬಂದು ಮುಚ್ತೀನಿ ಅಂದ್ರೂ ಬಿಡ್ಬೇಡಿ” ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ಸರಿ ಅಂದಳು.

ಹೊರಗೆ ಬಂದು ದಾರ ಹೊಡೆದು ಗೆರೆ ಹಾಕಿದೆ. ‘ಅಂಗನವಾಡಿ ಕೇಂದ್ರ’ ಎಂಬುದನ್ನು ಎನಾಮೆಲ್ಲಿನಲ್ಲಿ ಬರೆದೆ, ಎರಡು ಕೋಟ್, ದಪ್ಪ ಅಕ್ಷರ. ಅದರ ಮೊದಲು ಬರುವ ‘ದತ್ತು’ವಿಗೆ ಆ ಡಬ್ಬ ಮುಟ್ಟಲಿಲ್ಲ. ಚೀಲದಲ್ಲಿ ನೀಲಿ ಬಣ್ಣದ ಪುಡಿ ಇತ್ತು, ಸುಣ್ಣಕ್ಕೆ ಬೆರೆಸುವಂಥದ್ದು. ಅಂಟು ಹಾಕದೆ ಬರೀ ನೀರಿನಲ್ಲಿ ಕಲಸಿ ಬರೆದೆ. ದೂರದಿಂದ ಎರಡೂ ಒಂದೇ ನೀಲಿ. ಚೀಟಿ ಕೊಟ್ಟಿದ್ದ ಟ್ರಸ್ಟಿನವರು ಸಂಜೆ ಬಂದು ಫೋಟೋ ತೆಗೆದುಕೊಂಡು ಸೂಪರ್ ಎಂದು ಹೋದರು. ಇದರಿಂದ ನನ್ನ ಪಾಪವೇನೂ ತೊಳೆಯುವುದಿಲ್ಲ, ಭಾಗ್ಯ ಊರಿಂದ ವಾಪಸ್ ಬರುವುದಿಲ್ಲ. ಅದು ನನಗೆ ಗೊತ್ತು.

ನಾನು ಬ್ರಷ್ ತೊಳೆಯುತ್ತಿದ್ದಾಗ ಟೀಚರ್ ಬಂದು ಬೋರ್ಡಿನ ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು. ಬೆರಳು ನೀಲಿಯಾಯಿತು.

“ಅಣ್ಣಾ, ಇದೊಂದು ಕೈಗೆ ಅಂಟ್ತಾ ಇದೆಯಲ್ಲ. ಗಟ್ಟಿ ಆಗೋದು ಯಾವಾಗ?”

“ಗಟ್ಟಿ ಆಗಲ್ಲಮ್ಮ. ಒಂದು ಮಳೆ ಬಂದ್ರೆ ಹೋಗ್ಬಿಡುತ್ತೆ.”

ಅವಳು ಬೋರ್ಡನ್ನು ಇನ್ನೊಮ್ಮೆ ಓದಿದಳು, ಈ ಸಲ ಎರಡನೆಯ ಪದದಿಂದ. ಆಮೇಲೆ ಪೀಣ್ಯದ ಕಡೆ ಕಪ್ಪಗೆ ಕವಿಯುತ್ತಿದ್ದ ಮೋಡ ನೋಡಿದಳು. ನೀಲಿ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

“ಬರ್ಲಿ ಬಿಡಿ” ಎಂದಳು.